ಮಂಡಿಯವರೆಗೆ ನೀರು

ಮಲಕ್ಕಾ ಜಲಸಂಧಿಯಲ್ಲಿ ಎರಡು ದೇಶಗಳು ಹನ್ನೊಂದು ದಿನದಿಂದ ಭಾರಿ ಔದಾರ್ಯ ತೋರುತ್ತಿದ್ದವು. ಒಂದು ಬುಟ್ಟಿ ಮೀನು ಗಡಿ ದಾಟಿದರೆ ಬಂದೂಕು ಎತ್ತುವ ದೇಶಗಳು ಇವೇ. ಈಗ ತೊಂಬತ್ತು ಮಂದಿ ರೋಹಿಂಗ್ಯಾಗಳು ತುಂಬಿದ್ದ ಮರದ ದೋಣಿಯನ್ನು ನಿಮಗಿರಲಿ, ಛೇ, ನಿಮಗೇ ಇರಲಿ ಎಂದು ಒಬ್ಬರಿಗೊಬ್ಬರು ದಾನ ಮಾಡುತ್ತಿದ್ದವು. ಎದುರು ದಡದ ಗಸ್ತು ಹಡಗು ಹಗ್ಗ ಕಟ್ಟಿ ಈಚೆಗೆ ಎಳೆದು ಬಿಡುತ್ತಿತ್ತು. ಈ ದಡದ್ದು ನಾಲ್ಕು ಮೂಟೆ ಬಿಸ್ಕತ್ತು ಎಸೆದು, ಬಿಸ್ಕತ್ತಿನ ಫೋಟೊ ಪತ್ರಿಕೆಗೆ ಕಳಿಸಿ, ಮತ್ತೆ ಆಚೆಗೆ ಎಳೆಯುತ್ತಿತ್ತು.

ಹನ್ನೆರಡನೆಯ ಬೆಳಿಗ್ಗೆ ಆ ದೋಣಿ ಈ ದಡದ ಲಾಂಗ್ಸಾ ಊರಿನ ಹಸ್ಬಲ್ಲಾನ ಬಲೆಯ ಬಳಿಗೆ ತೇಲಿಬಂತು. ಮೂವತ್ತು ವರ್ಷದಿಂದ ಮೀನುದೋಣಿ ನಡೆಸುವ ಪವಾಂಗ್, ಅಂದರೆ ದೋಣಿಯ ಯಜಮಾನ, ಅವನು. ತೇಲಿಬಂದವರ ಇಂಜಿನ್ ಸತ್ತಿತ್ತು, ಕುಡಿಯುವ ನೀರು ಮುಗಿದಿತ್ತು. ಅಂಚಿನಲ್ಲಿ ಕೂತ ಹೆಂಗಸೊಬ್ಬಳು ಅಳಲೂ ಆಗದ ಮಗುವಿಗೆ ಗಾಳಿ ಬೀಸುತ್ತಿದ್ದಳು. ಇನ್ನೊಂದು ಸಲ ಎಳೆದು ಬಿಟ್ಟರೆ ಇವರು ಉಳಿಯುವುದಿಲ್ಲ ಎನ್ನಲು ಪವಾಂಗನೇ ಬೇಕಿರಲಿಲ್ಲ.

ಕಡಲಲ್ಲಿ ಕಂಡವರನ್ನು, ಹೆಣವಾದರೂ ಸರಿಯೇ, ದಡ ಸೇರಿಸದೆ ಬಲೆ ಎತ್ತಬಾರದು ಎಂಬುದು ಅವನ ಅಜ್ಜಂದಿರ ಕಟ್ಟಳೆ. ಸರ್ಕಾರದ ಕಟ್ಟಳೆ ಮೊನ್ನೆ ಟೈಪಾದದ್ದು. ಇವರನ್ನು ದಡಕ್ಕೆ ತರಲೇ ಎಂದು ಹಸ್ಬಲ್ಲಾ ವಿಧೇಯ ಪ್ರಜೆಯಂತೆ ವೈರ್‌ಲೆಸ್‌ನಲ್ಲಿ ಕೇಳಿದ. ಮುಟ್ಟಿದರೆ ಪರವಾನಗಿ ರದ್ದು, ಮನುಷ್ಯರ ಕಳ್ಳಸಾಗಣೆ ಅಂತ ಜೈಲು, ಎರಡು ಗಂಟೆಯಲ್ಲಿ ಎಳೆಯುವ ಹಡಗು ಬರುತ್ತದೆ ಎಂದರು ಗಸ್ತಿನ ಸಾಹೇಬರು.

"ಮುಳುಗ್ತಿದ್ರೆ, ಸಾಹೇಬ್ರೇ?"

"ಮುಳುಗ್ತಿದ್ರೆ ಮಾತು ಬೇರೆ. ಜೀವ ಉಳಿಸೋದು ನಮ್ಮ ಧರ್ಮ ಅಲ್ವೇನಯ್ಯಾ?"

"ಇವರು ಬರೀ ಸಾಯ್ತಿದ್ದಾರೆ."

"ಅದಕ್ಕೆ ಆದೇಶದಲ್ಲಿ ಏನೂ ಬರೆದಿಲ್ಲ."

ಹಸ್ಬಲ್ಲಾ ತನ್ನ ಆಳು ಮುಖ್ಲಿಸ್‌ನಿಂದ ಬೈರಿಗೆ ತರಿಸಿದ. ನಮ್ಮ ದೋಣಿಗೆ ಏನಾಯಿತು ಎಂದು ಅವನು ಗಾಬರಿಬಿದ್ದ.

"ನಮ್ಮದು ಸರಿಯಾಗೇ ಇದೆಯೋ. ಅವರ ದೋಣಿ ಕಾನೂನು ಪ್ರಕಾರ ಇಲ್ಲ."

ತಮ್ಮನ ದೋಣಿಯನ್ನೂ ಕರೆಸಿ, ಎರಡೂ ಕಡೆಯಿಂದ ಹಗ್ಗ ಬಿಗಿದು, ತಾನೇ ಅವರ ದೋಣಿಗೆ ಇಳಿದ. ಬೈರಿಗೆ ಕಂಡು ಆ ಹೆಂಗಸು ಮಗುವನ್ನು ಎದೆಗೆ ಅವುಚಿಕೊಂಡಳು. ಇವನು ಅವಳ ಪಕ್ಕದಲ್ಲೇ ಬರಿಗಾಲಲ್ಲಿ ಕೂತು ತಳ ಕೊರೆಯತೊಡಗಿದ. ಮುಳುಗಿದರೆ ಈ ಮುದುಕನೂ ಮುಳುಗುತ್ತಾನೆ ಎಂಬುದು ಭಾಷೆ ಬಾರದಿದ್ದರೂ ಅವಳಿಗೆ ತಿಳಿಯಿತು.

"ಸಾಹೇಬ್ರೇ, ಮುಳುಗ್ತಿದೆ," ಎಂದು ಮುಖ್ಲಿಸ್ ವೈರ್‌ಲೆಸ್‌ನಲ್ಲಿ ಹೇಳಿದ.

"ಎಷ್ಟು?"

"ಪಾದ ಮುಳುಗೋಷ್ಟು."

"ಪಾದ ಸಾಲಲ್ಲ. ಮಂಡಿ ಮುಟ್ಟಲಿ, ಆಮೇಲೆ ಹೇಳು."

ಹಸ್ಬಲ್ಲಾ ಇನ್ನೆರಡು ತೂತು ಕೊರೆದ. ನೀರು ಮಂಡಿ ಮುಟ್ಟಿತು, ಸಾಹೇಬರ ಧರ್ಮ ಜಾಗೃತವಾಯಿತು. ಮೊದಲು ಮಗು, ಆಮೇಲೆ ತಾಯಿ, ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು. ಕೊನೆಗೆ ಹಗ್ಗ ಬಿಚ್ಚಿದರು, ಖಾಲಿ ದೋಣಿ ಕಡಲ ತಳ ಸೇರಿತು.

ದಡದಲ್ಲಿ ಸಾಹೇಬರು, ಮುಟ್ಟಿದ್ದು ಮುಟ್ಟಿದ್ದೇ ಎಂದು, ಪವಾಂಗನ ಪರವಾನಗಿ ಕಿತ್ತುಕೊಂಡರು, ಅವನ ದೋಣಿಗೆ ಮೊಹರು ಹಾಕಿಸಿದರು. ಅಷ್ಟರಲ್ಲಿ ಊರ ಹೆಂಗಸರು ತೊಂಬತ್ತು ಮಂದಿಯನ್ನೂ ಮಸೀದಿಯ ಜಗಲಿಗೆ ಕರೆದೊಯ್ದು ಗಂಜಿ ಬಡಿಸುತ್ತಿದ್ದರು. ಇವರನ್ನು ಈಗಲೇ ಬಂದ ದೋಣಿಯಲ್ಲೇ ವಾಪಸ್ ಎಳೆದು ಬಿಡಿ ಎಂದು ಸಾಹೇಬರು ಗುಡುಗಿದರು. ಪೇದೆಗಳು ಕಡಲ ಕಡೆ ನೋಡಿದರು. ಆದೇಶದಲ್ಲಿದ್ದದ್ದು ದೋಣಿಯನ್ನು ಎಳೆಯುವ ಮಾತು. ಮನುಷ್ಯರ ಸೊಂಟಕ್ಕೇ ಹಗ್ಗ ಕಟ್ಟಿ ಎಳೆಯುವ ಆದೇಶ ಇನ್ನೂ ಟೈಪಾಗಿರಲಿಲ್ಲ.