ನೆಲದ ತೂತಿಗೆ ತುರುಕಿದ ಬಟ್ಟೆ

ಗ್ಯಾಸ್ ಒಲೆಯ ಬಗ್ಗೆ ಬುದ್ಧಿ ಹೇಳುವಷ್ಟು ಓದು ಇದನ್ನು ಬರೆದವರಿಗಿಲ್ಲ. ತಪ್ಪು ಕಂಡರೆ ತಿಳಿದವರು ಕ್ಷಮಿಸಿ ತಿದ್ದಬೇಕು. ಸುಮ್ಮನಿದ್ದರೆ ಇನ್ನೊಂದು ಮನೆಯಲ್ಲೂ ಹೀಗಾದೀತೆಂಬ ಭಯಕ್ಕೆ ಹೇಳುತ್ತಿರುವುದು.

೧೯೯೧ರ ಏಪ್ರಿಲ್. ಕೊಲ್ಲಿ ಯುದ್ಧ ಮುಗಿದರೂ ಎಣ್ಣೆ ಬಾವಿಗಳು ಉರಿಯುತ್ತಲೇ ಇದ್ದವು. ಹವಲ್ಲಿಯ ಮನೆ ಸುಟ್ಟುಹೋದ ಮೇಲೆ ಬಾಳಕ್ಕ, ಗಂಡ ಬಾಳಾಸಾಹೇಬ, ಆರು ವರ್ಷದ ಮಗಳು ಶೀತಲ್ ಸಲ್ವಾ ಬಡಾವಣೆಯಲ್ಲಿ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಅರಬ್ ಧಣಿಯ, ಅಂಗಳದಲ್ಲಿದ್ದ ಹಳೆಯ ಕ್ಯಾರವಾನಿಗೆ ಬಂದಿದ್ದರು. ಕಫೀಲನ ತಂದೆ ಮರುಭೂಮಿಯಲ್ಲಿ ಬಿಡಾರ ಹೂಡುತ್ತಿದ್ದ ಕಾಲದ ಗಾಲಿ ಮನೆ ಅದು. ಒಳಗೊಂದು ಗ್ಯಾಸ್ ಓವನ್ ಇತ್ತು.

ಬಾವಿಗಳ ಹೊಗೆಯ ಮಸಿ ಒಳಗೆ ಬರದಿರಲೆಂದು ಬಾಳಕ್ಕ ಕಿಟಕಿಗೆಲ್ಲ ಟೇಪ್ ಅಂಟಿಸಿದ್ದಳು. ನೆಲದ ಎರಡು ತೂತಿಗೂ ಹಳೆ ಸೀರೆಯ ಚೂರು ತುರುಕಿದ್ದಳು. ಓವನ್ನಿನ ಗುಂಡಿ ಬಿಟ್ಟ ಕೂಡಲೇ ಉರಿ ಆರುತ್ತಿತ್ತು. ಬಾಳಾಸಾಹೇಬ ಅದಕ್ಕೊಂದು ಕಟ್ಟಿಗೆ ಆನಿಸಿ, ಒತ್ತಿದಂತೆಯೇ ನಿಲ್ಲಿಸಿದ್ದ.

ಒಂದು ವಾರದಿಂದ ತಾಯಿ ಮಗಳಿಗೆ ತಲೆನೋವು. ಅಂದು ಓವನ್ನಿನಲ್ಲಿ ಬ್ರೆಡ್ ಬೇಯುತ್ತಿದ್ದಾಗ ಶೀತಲ್ ವಾಂತಿ ಮಾಡಿಕೊಂಡು ಮಂಪರಿನಲ್ಲಿ ಬಿದ್ದಳು. ಕರೆದರೂ ಓಗೊಡಲಿಲ್ಲ. ಬಾಳಕ್ಕ ಗಂಡನನ್ನು ಕೂಗಿದಳು.

ಅಷ್ಟರಲ್ಲಿ ಪರಿಚಯದ ದೇಜಪ್ಪ ಅಕ್ಕಿ ಕೊಡಲು ಬಂದ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಗ್ಯಾಸ್ ಪೈಪಿನ ಕೆಲಸದವನು. ಒಳಗೆ ಕಣ್ಣಾಡಿಸಿದವನೇ ಓವನ್ ಆರಿಸಿ, ಮಗುವನ್ನೆತ್ತಿ ಹೊರಗೆ ಓಡಿದ.

"ಹೊರಗಿನ ಹೊಗಿಯಿಂದ ಬ್ಯಾನಿ ಬಿದ್ದಾಕಿನ್ನ ಹೊರಗs ತಂದಿಯಲ್ಲೋ," ಎಂದ ಬಾಳಾಸಾಹೇಬ. "ಭಾಳ ಶಾಣ್ಯಾ ಡಾಕ್ಟರ್ ಅದಿ."

ದೇಜಪ್ಪ ಅವನತ್ತ ನೋಡಲಿಲ್ಲ. "ಅಕ್ಕಾ, ಇಲ್ಲಿ ಬಟ್ಟೆ ಒಣಗಿಸುವಾಗ ನಿಮಗೆ ತಲೆನೋವುಂಟಾ?"

ಬಾಳಕ್ಕ ಯೋಚಿಸಿದಳು. "ಇಲ್ಲ. ಒಳಗ ಹೋಗಿ ಅಡಗಿ ಮಾಡಾಕ ನಿಂತ ಮ್ಯಾಲ ಹಿಡಿತೈತಿ."

"ಆಕಾಶದ ಹೊಗೆ ಇರುವುದು ಹೊರಗೆ. ತಲೆ ನೋಯುವುದು ಮಾತ್ರ ಒಳಗೆ. ಅದು ಹೇಗೆ ಮಾರಾಯ್ರೆ?"

ಸ್ವಲ್ಪ ಹೊತ್ತಿಗೆ ಶೀತಲ್ ಕಣ್ಣು ಬಿಟ್ಟು ನೀರು ಕೇಳಿದಳು. ಆದರೂ ಅವಳನ್ನು ಆಸ್ಪತ್ರೆಗೆ ಒಯ್ದರು.

ಮರುದಿನ ದೇಜಪ್ಪ ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಓವನ್ ಬಿಚ್ಚಿದ. ಉರಿಗೆ ಗಾಳಿ ಸೇರುವ ಕೊಳವೆಯ ತುಂಬ ಮರಳು, ಜೇಡರ ಬಲೆ.

"ಉರಿ ಹಳದಿ ಇತ್ತಲ್ಲ? ಗಾಳಿ ಸಾಲದೆ ಅರೆಬರೆ ಉರಿದದ್ದು. ಆಗ ಹುಟ್ಟುವ ವಿಷಕ್ಕೆ ವಾಸನೆಯೇ ಇಲ್ಲ." ಕಟ್ಟಿಗೆಯನ್ನು ಕಿತ್ತೆಸೆದ. "ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಕಾವಲುಗಾರ ಒಬ್ಬ ಒಳಗಿದ್ದಾನೆ. ನೀವು ಅವನ ಕೈ ಕಟ್ಟಿದ್ದೀರಿ."

"ಮತ್ತ ಈ ತೂತು ಯಾಕ ಬಿಟ್ಟಾರ?" ಎಂದಳು ಬಾಳಕ್ಕ.

"ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ಹೊರಗೆ ಹೋಗಲಿಕ್ಕೆ."

ಆಮೇಲೆ ಸಿಲಿಂಡರ್ ತುಸು ತೆರೆದು ರಬ್ಬರ್ ನಳಿಗೆಗೆ ಸಾಬೂನು ನೊರೆ ಹಚ್ಚಿದ. ಒಂದು ಕಡೆ ಗುಳ್ಳೆ ಎದ್ದಿತು. ಮತ್ತೆ ಬಂದ್ ಮಾಡಿ ನಳಿಗೆ ಬದಲಿಸಿದ. ಉರಿಯ ಕಾವಲಿನ ಬಿಡಿಭಾಗ ಮಾತ್ರ ಹಾಳಾಗಿತ್ತು. "ಹೊಸದು ಸಿಗುವ ತನಕ ಓವನ್ ಖಲಾಸ್. ಅಡುಗೆ ಹೊರಗೆ."

ಬಾಳಕ್ಕ ತಾನೇ ಕೂತು ಸೀರೆಯ ಚೂರುಗಳನ್ನು ಎಳೆದಳು. ಬಾಳಾಸಾಹೇಬ ಟೇಪ್ ಕಿತ್ತ. "ಮಸಿ ಬಂದ್ರ ಬರಲಿ. ಒರಸಿದ್ರ ಹೋಗ್ತೈತಿ."

ನಿಮ್ಮಲ್ಲೂ ಉರಿ ಹಳದಿಯಾದರೆ, ಒಳಗೆ ಮಾತ್ರ ತಲೆ ಭಾರವಾದರೆ, ಮೊದಲು ಎಲ್ಲರೂ ಹೊರಗೆ ಬನ್ನಿ. ಓವನ್ ನೋಡುವುದು ಆಮೇಲೆ, ಅದೂ ಕೆಲಸ ಬಲ್ಲವರಿಂದ. ಗಾಳಿಯ ದಾರಿಗೆ ಬಟ್ಟೆ ತುರುಕಬೇಡಿ.

ಆ ವಾರದ ನೋವಿನಲ್ಲಿ ಓವನ್ನಿನ ಪಾಲೆಷ್ಟು, ಆಕಾಶದ ಹೊಗೆಯ ಪಾಲೆಷ್ಟು? ಡಾಕ್ಟರಿಗೂ ಹೇಳಲಾಗಲಿಲ್ಲ. ಬರೆದವರಿಗೂ ಗೊತ್ತಿಲ್ಲ.