ಕಪ್ಪು ಪರದೆಯೊಳಗಿನ ಪೆಟ್ಟಿಗೆಗಳು

ಹಾವೇರಿಯಲ್ಲಿ ಕುಳಿತು ಆ್ಯಪ್ ವಿನ್ಯಾಸ ಮಾಡುವ ನನಗೆ ನನ್ನ ಕೆಲಸದ ಮೇಲೆ ಜಂಬ ಸ್ವಲ್ಪ ಜಾಸ್ತಿಯೇ. ಬ್ಯಾಡಗಿಯ ದ್ರಾಕ್ಷಾಯಿಣಕ್ಕನ ಖಾರಪುಡಿ ವ್ಯಾಪಾರಕ್ಕೆ ಮಾಡಿಕೊಟ್ಟ ಆ್ಯಪ್ ಅಂತೂ, ಬಣ್ಣವೇನು, ಅಂದವೇನು! ಆದರೆ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲೆ ಬೆರಳು ಸರಿಸಿದಂತೆಲ್ಲ ಅವರ ಫೋನು ಅಲ್ಲಿರುವುದನ್ನು ಒಂದೊಂದಾಗಿ ಓದಿ ಹೇಳುತ್ತದೆ.

ಅಂದು ನಾನು ಬ್ಯಾಡಗಿಗೆ ಹೋದಾಗ ಅವರ ಮನೆಯ ಕಟ್ಟೆಯ ಮೇಲೆ ಅದು ಓದಿದ್ದು ಹೀಗೆ: “ಹುಮಾ. ಉಡಚಪ್ಪ. ಎರಡು ಕಿಲೊ. ಐದು ಕಿಲೊ. ಕಳಿಸು. ಕಳಿಸು.”

“ಯಾರಿಗೆ ಎಷ್ಟ ಕಳಸ್ಲಿ ಮೇಘಾ?” ಎಂದರು ಅಕ್ಕ. “ಮತ್ತ ಅಣ್ಣನ್ನ ಕೂಗಬೇಕು, ಅಂವಾ ಬಂದು ಓದೂತನಕ ಕೈ ಕಟ್ಟಿ ಕುಂದ್ರಬೇಕು. ಸಾಕಾಗೇತವ್ವಾ. ಇವತ್ತೂ ಆಗ್ಲಿಲ್ಲಂದ್ರ ಆರ್ಡರ್ ಎಲ್ಲಾ ಅವನ ಫೋನಿಗೇ ಹಾಕಿಬಿಡು. ದಂಧೆನೂ ಅವನೇ ಮಾಡ್ಲಿ.”

“ಒಂದೀಟ ತಡೀರಿ ಅಕ್ಕಾರ, ಚಾ ಕುಡಿಯೂದ್ರೊಳಗ ಮಾಡಿ ಕೊಡ್ತೇನಿ,” ಎಂದೆ. ಒಳಗೊಳಗೆ ಸಿಟ್ಟು. ಇಷ್ಟು ಚೆಂದ ಮಾಡಿದ್ದೇನೆ, ಈ ಫೋನಿಗೇನು ಧಾಡಿ?

ಲ್ಯಾಪ್‌ಟಾಪ್ ತೆರೆದು ನೋಡಿದರೆ ಧಾಡಿ ನನ್ನದೇ. ಕಣ್ಣಿಗೆ ಒಂದೊಂದು ಆರ್ಡರೂ ಒಂದೊಂದು ಚೌಕದಲ್ಲಿ ಕೂತಂತೆ ಕಾಣುತ್ತಿತ್ತು. ಒಳಗೆ, ಫೋನು ಓದುವ ಕೋಡ್‌ನಲ್ಲಿ, ಮಾತ್ರ ಸಂತೆ: ಹೆಸರುಗಳೆಲ್ಲ ಒಂದು ಕಡೆ, ತೂಕಗಳೆಲ್ಲ ಒಂದು ಕಡೆ, ಗುಂಡಿಗಳು ಇನ್ನೊಂದು ಕಡೆ. ಚೌಕಗಳು ಬರೀ ಹಿಂದೆ ಬಳಿದ ಬಣ್ಣ.

ಎಲ್ಲ ಬಿಚ್ಚಿದೆ. ಹುಮಾಳಿಗೊಂದು ಪೆಟ್ಟಿಗೆ, ಅವಳ ಹೆಸರು, ತೂಕ, ‘ಕಳಿಸು’ ಗುಂಡಿ ಮೂರೂ ಅದರೊಳಗೆ. ಉಡಚಪ್ಪನಿಗೂ ಹಾಗೆಯೇ. ಆ ಎರಡೂ ‘ಇಂದು’ ಎಂಬ ದೊಡ್ಡ ಪೆಟ್ಟಿಗೆಯ ಹೊಟ್ಟೆಯೊಳಗೆ. ಮುಗಿಸಿ ನೋಡಿದರೆ ಪರದೆಯ ಮೇಲೆ ಕೂದಲೆಳೆಯಷ್ಟೂ ಬದಲಾಗಿಲ್ಲ! ಏನಾದರೂ ಮಾಡಿದೆನೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಫೋನು ಕೈಗೆ ಬಂದದ್ದೇ ತಡ, ಅಕ್ಕ ಓದುವ ದನಿಯನ್ನು ಹಾಗೇ ಬಿಟ್ಟು, ಬೆಳಕಷ್ಟೇ ಆರಿಸಿ ಪರದೆಯನ್ನು ಪೂರ್ತಿ ಕಪ್ಪು ಮಾಡಿಕೊಂಡರು. “ಮಂದಿ ಹಣಿಕಿ ಹಾಕಿ ನೋಡ್ತಾರ. ನನಗ್ಯಾಕ ಬೆಳಕಿನ ಹಂಗು?”

ಹೋಯಿತು, ನನ್ನ ಬಣ್ಣ, ಅಂದ ಎಲ್ಲ ಹೋಯಿತು. ಅವರ ಬೆರಳು ಸರಿಯಿತು.

“ಇಂದು, ಎರಡು ಆರ್ಡರ್. ಹುಮಾ, ಎರಡು ಕಿಲೊ. ಕಳಿಸು.” ಮತ್ತೆ ಸರಿಯಿತು. “ಉಡಚಪ್ಪ, ಐದು ಕಿಲೊ. ಕಳಿಸು.”

ಏನೂ ಕಾಣದ ಆ ಗಾಜಿನೊಳಗೆ ಆ್ಯಪ್ ಪೂರ್ತಿ ನಿಂತಿತ್ತು. ಅಕ್ಕ ತಮ್ಮ ಅಡುಗೆಮನೆಯಲ್ಲಿ ಓಡಾಡುವಂತೆ ಅದರೊಳಗೆ ಓಡಾಡುತ್ತಿದ್ದರು. ಹೋಗುತ್ತಿದ್ದರು, ಬರುತ್ತಿದ್ದರು, ಎಲ್ಲಿಯೂ ಎಡವಲಿಲ್ಲ. ಅಬ್ಬಾ, ನಾನು ಕಟ್ಟಿದ್ದು ಇದನ್ನೇ? ಕಣ್ಣಿದ್ದ ನನಗೆ ಇಷ್ಟು ದಿನ ಅದು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಅವರ ಅಣ್ಣ ಸುಭಾಷ ಕನ್ನಡಕ ಏರಿಸುತ್ತ ಹೊರಗೆ ಬಂದರು. “ಕೊಡಿಲ್ಲೆ, ಓದಿ ಹೇಳ್ತೇನಿ,” ಎಂದು ಕೈ ಚಾಚಿ, ಬಗ್ಗಿ ನೋಡಿ ಬೆಚ್ಚಿದರು. “ಅಯ್ಯ, ಫೋನ್ ಬಂದ್ ಬಿದ್ದೈತಲ್ಲ!”

ಅಕ್ಕ ಬೆರಳು ನಿಲ್ಲಿಸಲಿಲ್ಲ.

“ಸ್ವಲ್ಪ ಸುಮ್ನಿರಣ್ಣಾ,” ಎಂದರು. “ನಾ ಓದಾಕತ್ತೇನಿ.”