ನಡುವೆ ನಿಲ್ಲುವ ಕ್ಯಾಮೆರಾ

ಮೂರನೆಯ ಕ್ಯಾಮೆರಾಕ್ಕೂ ದೂಜ ತಲೆಯಾಡಿಸಿಬಿಟ್ಟ.

"ಇದೂ ಅಲ್ಲ, ಸಾಬ್ರೆ."

ಗೋರೆಗಾಂವ್ ಸ್ಟೇಷನ್ನಿನ ಹತ್ತಿರ, ಬಿಲ್ಡಿಂಗೊಂದರ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಹಳೆಯ ರೀಲು ಕ್ಯಾಮೆರಾಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ ಚಮನಸಾಬನಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಬಂದವರೆಲ್ಲ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಾರೆ. ಈ ಮನುಷ್ಯ ಲೆನ್ಸಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ಅವನ ಗಮನವೆಲ್ಲ ಕ್ಯಾಮೆರಾದ ಮುಂದಿದ್ದ ಒಂದು ಸಣ್ಣ ಕಡ್ಡಿಯ ಮೇಲೆ. ಅದನ್ನು ಕೆಳಗೆಳೆದು ಬಿಟ್ಟರೆ ಒಳಗಿನ ಚಕ್ರಗಳು ಜುರ್ರೆಂದು ತಿರುಗಿ, ಹತ್ತು ಸೆಕೆಂಡಿನ ಮೇಲೆ ಫೋಟೋ ತಾನಾಗಿ ಬೀಳುತ್ತದೆ. ತೆಗೆಯುವವನೂ ಅಷ್ಟರಲ್ಲಿ ಓಡಿ ಹೋಗಿ ಕೂರಬಹುದು. ದೂಜ ಕಣ್ಣು ಮುಚ್ಚಿ ಆ ಸದ್ದನ್ನಷ್ಟೇ ಕೇಳುತ್ತಿದ್ದ.

"ಏನ್ರಿ ಅಣ್ಣಾರ, ಕ್ಯಾಮೆರಾ ತಗೊಳ್ಳಾಕ ಬಂದೀರೋ, ಹಾಡು ಕೇಳಾಕ ಬಂದೀರೋ?" ಎಂದ ಚಮನಸಾಬ.

ದೂಜ ಸಂಕೋಚದಿಂದ ನಕ್ಕ. ಮಾಟುಂಗದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಗ್ರೈಂಡರಿನ ಪಕ್ಕದಲ್ಲೇ ಕಳೆದವನು ಅವನು. ಹಿಟ್ಟು ಹದಕ್ಕೆ ಬಂದದ್ದನ್ನು ಮುಟ್ಟಿ ನೋಡದೆ ಸದ್ದಿನಲ್ಲೇ ಹೇಳುತ್ತಿದ್ದ. ಅಂಥ ಕಿವಿಗೆ ಸಮಾಧಾನ ಹೇಳುವುದು ಸುಲಭವಲ್ಲ.

"ನಮ್ಮದು ಹೀಗೆ ಸೀದಾ ಓಡ್ತಿರ್ಲಿಲ್ಲ. ಅರ್ಧದಲ್ಲಿ ಒಮ್ಮೆ ನಿಲ್ತಿತ್ತು. ಮತ್ತೆ ಅದಕ್ಕೇ ಮನಸ್ಸು ಬಂದಾಗ ಹೊರಡ್ತಿತ್ತು."

"ಅದು ರೋಗರೀ!" ಚಮನಸಾಬನ ಮುಖ ಕೆಂಪಾಯಿತು. "ಎಣ್ಣಿ ಒಣಗಿದ್ರ ಹಂಗಾಗ್ತದ. ನನ್ನ ಅಂಗಡ್ಯಾಗ ಅಂಥಾದ್ದು ಒಂದೂ ಇಲ್ಲ. ಎಲ್ಲಾ ತೊಳದು ಇಟ್ಟೀನಿ."

"ಹಾಗಾದ್ರೆ ಇಲ್ಲಿ ನನಗೆ ಆಗುವಂಥದ್ದು ಇಲ್ಲ," ಎಂದು ದೂಜ ಎದ್ದ. ಎದ್ದವನು ಹೋಗದೆ ಅಲ್ಲೇ ನಿಂತ.

"ಪ್ರತಿ ದೀಪಾವಳಿಗೆ ಒಂದು ಫೋಟೋ, ಸಾಬ್ರೆ. ನಾನು, ನನ್ನ ಹೆಂಡತಿ ಚಂಪಾ. ತೆಗೀಲಿಕ್ಕೆ ಬೇರೆ ಯಾರುಂಟು ರೂಮಿನಲ್ಲಿ? ಕಡ್ಡಿ ಎಳ್ದು ಓಡಿ ಬಂದು ಕೂತ್ಕೊಳ್ಳುದು. ಅದು ಅರ್ಧದಲ್ಲಿ ನಿಲ್ಲುದು. 'ಏಳ್ಬೇಡಿ ಮಾರಾಯ್ರೆ, ಅದಾಗಿಯೇ ಬರ್ತದೆ, ಕೂತ್ಕೊಳ್ಳಿ' ಅಂತ ಅವಳು. ನಾನು ಕೇಳ್ತೇನಾ? ಏನಾಯ್ತು ಅಂತ ನೋಡ್ಲಿಕ್ಕೆ ಎದ್ದ ಕೂಡ್ಲೇ ಟಕ್!"

ಹತ್ತೊಂಬತ್ತು ದೀಪಾವಳಿಗಳ ಹತ್ತೊಂಬತ್ತು ಫೋಟೋಗಳು. ಎಲ್ಲದರಲ್ಲೂ ಚಂಪಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ದೂಜನ ಪಾಲಿಗೆ ಮಾತ್ರ ಒಂದು ತಲೆಯಿಲ್ಲದ ಶರಟು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಹದಿಮೂರನೆಯ ದಿನ, ಕಣ್ಣೆದುರು ಇರುವುದೇ ಬೇಡವೆಂದು ಕ್ಯಾಮೆರಾವನ್ನು ರದ್ದಿಯವನ ತಕ್ಕಡಿಗೆ ಹಾಕಿದವನು ದೂಜನೇ. ಮರುದಿನವೇ ಹುಡುಕಿಕೊಂಡು ಹೋದರೆ ರದ್ದಿಯವನು ಇಲ್ಲವೆಂದು ಕೈಯಲ್ಲಾಡಿಸಿದ್ದ. ಆಮೇಲೆ ರೂಮಿನಲ್ಲಿ ಅವಳ ನಗುವನ್ನು ನೆನಪಿಸುತ್ತಿದ್ದ ಆ ಹತ್ತು ಸೆಕೆಂಡಿನ ಸದ್ದೂ ಇಲ್ಲವಾಯಿತು. ಹೋಟೆಲಿನಿಂದ ಬಂದು ಬೀಗ ತೆಗೆಯುವಾಗಲೆಲ್ಲ ಅವನಿಗೆ ಭಯವಾಗುತ್ತಿತ್ತು, ಒಳಗೆ ಅಷ್ಟು ಮೌನ.

ಚಮನಸಾಬ ಬಗ್ಗಿ, ಬಿಡಿಭಾಗಕ್ಕೆಂದು ಕೂಡಿಟ್ಟಿದ್ದ ತಗಡಿನ ಡಬ್ಬಿಯನ್ನು ಎಳೆದ. ತಳದಲ್ಲಿದ್ದ ಕಪ್ಪು ಕ್ಯಾಮೆರಾವೊಂದರ ಧೂಳು ಒರೆಸಿ, ರೀಲು ಸುತ್ತುವ ಕೀಲನ್ನು ತಿರುಗಿಸಿ, ಕಡ್ಡಿ ಎಳೆದು ಬಿಟ್ಟ. ಜುರ್ರೆಂದು ಶುರುವಾದದ್ದು ಅರ್ಧದಲ್ಲಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕಾದರು. ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಗುರುಗುಟ್ಟಿ, ಟಕ್ ಎಂದಿತು.

"ಇದೇ ಸದ್ದು," ಎಂದ ದೂಜ.

"ಲೆನ್ಸ್ ಒಡದದರೀ ಇದರದು. ಫೋಟೋ ಬರಂಗಿಲ್ಲ. ಶುಕ್ರವಾರ ಬರ್ರಿ, ಬ್ಯಾರೆ ಹಾಕಿ, ಒಳಗೂ ಸ್ವಲ್ಪ ತೊಳದು..." ಚಮನಸಾಬನ ಕೈ ಅಭ್ಯಾಸಬಲದಿಂದ ಸ್ಕ್ರೂಡ್ರೈವರಿನತ್ತ ಹೋಯಿತು.

ದೂಜ ಎರಡೂ ಅಂಗೈಗಳಿಂದ ಕ್ಯಾಮೆರಾವನ್ನು ಮುಚ್ಚಿಕೊಂಡ. "ತೊಳೀಬೇಡಿ ಮಾರಾಯ್ರೆ."

"ಲೆನ್ಸರೇ ಹಾಕಿ ಕೊಡ್ಲೇನ್ರಿ?"

"ಬೇಡ. ಫೋಟೋ ಮನೆಯಲ್ಲಿ ಉಂಟು."

ದಾದರಿನಲ್ಲಿ ಗಾಡಿ ಬದಲಿಸಿ ಮುಲುಂಡಿಗೆ ಮುಟ್ಟುವಾಗ ಸಂಜೆಯಾಗಿತ್ತು. ದೂಜ ಕೈಕಾಲು ತೊಳೆದು, ಹಬ್ಬವಲ್ಲದಿದ್ದರೂ ಒಗೆದ ಶರಟು ಹಾಕಿಕೊಂಡ. ಕ್ಯಾಮೆರಾವನ್ನು ಹಿಂದಿನಂತೆ ಫ್ರಿಜ್ಜಿನ ಮೇಲಿಟ್ಟು ಕಡ್ಡಿ ಎಳೆದ. ನಾಲ್ಕು ಹೆಜ್ಜೆ ಓಡಿ ಹೋಗಿ ಮಂಚದ ಬಲತುದಿಯಲ್ಲಿ ಕೂತ.

ಸದ್ದು ಅರ್ಧದಲ್ಲಿ ನಿಂತಿತು.

ಅವನ ಮೊಣಕಾಲುಗಳು ತಾವಾಗಿಯೇ ಏಳಲು ಹೊರಟವು. ಎರಡೂ ಕೈಗಳಿಂದ ಅವನ್ನು ಒತ್ತಿ ಹಿಡಿದ. ಕೆಳಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟುಹೋದರು. ಕ್ಯಾಮೆರಾ ಇನ್ನೂ ಹೊರಟಿರಲಿಲ್ಲ. ಎಡಕ್ಕೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಕ್ಯಾಮೆರಾದತ್ತಲೇ ನೋಡುತ್ತ, ದೂಜ ಏಳದೆ ಕೂತೇ ಇದ್ದ.